ಚಿತ್ರಕ್ಕೂ ಒಂದು ಸನದು ಬೇಕು

(ನೆಲೋಗಿಯಲ್ಲಿ ನಡೆದ ಸಾರ್ವಜನಿಕ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)





ನೆಲೋಗಿಯು ರಾಜ್ಯಕ್ಕೆ ಒಬ್ಬ ಮುಖ್ಯಮಂತ್ರಿಯನ್ನು ನೀಡಿದ ಊರು. 2004ರಿಂದ 2006ರ ವರೆಗೆ ಆ ಹೊಣೆ ಹೊತ್ತಿದ್ದ ಧರ್ಮಸಿಂಗ್ ಅವರು 1936ರಲ್ಲಿ ಜನಿಸಿದ್ದು ಇಲ್ಲಿಯೇ. ಅವರ ಬಾಲ್ಯದ ದಿನಗಳಲ್ಲಿ ಒಂದು ಫೋಟೋ ತೆಗೆಸಿಕೊಳ್ಳಬೇಕಾದರೆ ಪಟ್ಟಣಕ್ಕೆ ಹೋಗಿ, ಸ್ಟುಡಿಯೋದ ಪರದೆಯ ಮುಂದೆ ಉಸಿರು ಬಿಗಿಹಿಡಿದು ಕುಳಿತುಕೊಳ್ಳಬೇಕಾಗಿತ್ತು. ನಮ್ಮ ಹಿರಿಯರಲ್ಲಿ ಅನೇಕರ ಇಡೀ ಬದುಕಿಗೆ ಉಳಿದಿರುವುದು ಒಂದೋ ಎರಡೋ ಭಾವಚಿತ್ರಗಳು ಮಾತ್ರ. ಅಂತಹ ಒಂದು ಹಳೆಯ ಫೋಟೋ ನಿಮ್ಮ ಮನೆಯ ಕಪಾಟಿನಲ್ಲಿದ್ದರೆ ಇಂದು ರಾತ್ರಿ ಅದನ್ನು ತಿರುವಿ ನೋಡಿರಿ. ಬಹುತೇಕ ಅದರ ಬೆನ್ನಿಗೆ ಸ್ಟುಡಿಯೋದ ಮೊಹರು ಇರುತ್ತದೆ, ಊರಿನ ಹೆಸರು ಇರುತ್ತದೆ, ಕೆಲವೊಮ್ಮೆ ತಾರೀಖು ಕೂಡ. ಯಾರು ತೆಗೆದರು, ಎಲ್ಲಿ ತೆಗೆದರು, ಎಂದು ತೆಗೆದರು ಎಂಬ ಮೂರೂ ಪ್ರಶ್ನೆಗಳಿಗೆ ಆ ಚಿತ್ರ ತಾನೇ ಉತ್ತರ ಕೊಡುತ್ತಿತ್ತು.

ಇಂದು ನಮ್ಮ ಜೇಬಿನಲ್ಲಿರುವ ಮೊಬೈಲಿಗೆ ದಿನಕ್ಕೆ ನೂರಾರು ಚಿತ್ರಗಳು ಬಂದು ಬೀಳುತ್ತವೆ. ಅವುಗಳಿಗೆ ಬೆನ್ನೇ ಇಲ್ಲ. ಆದರೂ ನಾವು ನಂಬುತ್ತೇವೆ, ಅಳುತ್ತೇವೆ, ರೊಚ್ಚಿಗೇಳುತ್ತೇವೆ, ಮರುಕ್ಷಣವೇ ಇತರರಿಗೆ ಕಳುಹಿಸುತ್ತೇವೆ. ಇಂದಿನ ನಮ್ಮ ಮಾತು ಈ ವಿಷಯವನ್ನು ಕುರಿತದ್ದು.

ಪ್ರತ್ಯಕ್ಷ ಕಂಡರೂ

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ನಮ್ಮ ನಾಡಿನದು. ಕ್ಯಾಮೆರಾ ಸುಳ್ಳಾಡುವುದಿಲ್ಲ ಎಂಬ ನಂಬಿಕೆ ಅನಂತರ ಬಂದುದು. ವಾಸ್ತವದಲ್ಲಿ ಫೋಟೋ ತಿರುಚುವ ಕೆಲಸ ಕಂಪ್ಯೂಟರಿಗಿಂತಲೂ ಹಳೆಯದು. ಸೋವಿಯತ್ ಒಕ್ಕೂಟದಲ್ಲಿ ಸ್ಟಾಲಿನ್ ಪಕ್ಕದಲ್ಲಿ ನಡೆಯುತ್ತಿದ್ದ ಗುಪ್ತ ಪೊಲೀಸ್ ಮುಖ್ಯಸ್ಥ ಯೆಝೋವ್ ಶಿಕ್ಷೆಗೆ ಗುರಿಯಾದ ಮೇಲೆ ಆತನನ್ನು ಚಿತ್ರದಿಂದಲೂ ಅಳಿಸಿ ಹಾಕಲಾಯಿತು. ಅಂದು ಅದಕ್ಕೆ ನುರಿತ ಕೈಗಳೂ ಕತ್ತಲ ಕೋಣೆಯೂ ಬೇಕಾಗಿದ್ದವು. ಇಂದು ಶಾಲಾ ಬಾಲಕನೂ ಮೊಬೈಲಿನಲ್ಲಿ ಅದನ್ನು ಮಾಡಬಲ್ಲನು.

ಇದು ಕಿಡಿಗೇಡಿಗಳ ಕೆಲಸ ಮಾತ್ರ ಎಂದು ಭಾವಿಸಬಾರದು. 2015ರ ಡಿಸೆಂಬರ್‌ನಲ್ಲಿ ಚೆನ್ನೈ ನೆರೆಯನ್ನು ಪ್ರಧಾನಿಯವರು ವಿಮಾನದಿಂದ ವೀಕ್ಷಿಸುತ್ತಿರುವ ಚಿತ್ರವೊಂದನ್ನು ಕೇಂದ್ರ ಸರಕಾರದ ಪತ್ರಿಕಾ ಮಾಹಿತಿ ಕಚೇರಿಯೇ ಪ್ರಕಟಿಸಿತು. ಕಿಟಕಿಯ ಹೊರಗಿನ ದೃಶ್ಯವನ್ನು ಬೇರೆಡೆಯಿಂದ ತಂದು ಜೋಡಿಸಲಾಗಿದೆ ಎಂಬುದು ಬಯಲಾದಾಗ ಅದನ್ನು ತೆಗೆದು ಹಾಕಲಾಯಿತು. ಗೃಹ ಸಚಿವಾಲಯದ 2016-17ನೇ ಸಾಲಿನ ವಾರ್ಷಿಕ ವರದಿಯಲ್ಲಿ ನಮ್ಮ ದೇಶದ ಗಡಿಗೆ ಹಾಕಿದ ಹೊನಲು ಬೆಳಕಿನ ದೀಪಗಳೆಂದು ಅಚ್ಚಾದ ಚಿತ್ರವು ವಾಸ್ತವದಲ್ಲಿ ಸ್ಪೇನ್ ಮತ್ತು ಮೊರೊಕ್ಕೊ ನಡುವಿನ ಗಡಿಯದಾಗಿತ್ತು. ಸರಕಾರಿ ಮುದ್ರೆಯುಳ್ಳ ಚಿತ್ರವನ್ನೇ ಪರಿಶೀಲಿಸಬೇಕಾಗಿರುವಾಗ, ಹೆಸರೂ ಇಲ್ಲದ ಚಿತ್ರವನ್ನು ಕಣ್ಣು ಮುಚ್ಚಿ ಒಪ್ಪಿಕೊಳ್ಳುವುದು ಹೇಗೆ?

ನಮ್ಮ ಕೈಯಿಂದಲೇ ಹೋದ ಚಿತ್ರ

ಇತರರ ತಪ್ಪನ್ನು ಎಣಿಸುವುದು ಸುಲಭ. ನಾವು ನಮ್ಮ ತಪ್ಪನ್ನೂ ಹೇಳಬೇಕು.

2012ರಲ್ಲಿ ಮ್ಯಾನ್ಮಾರಿನ ರೊಹಿಂಗ್ಯಾ ಮುಸ್ಲಿಮರ ಮೇಲೆ ನಿಜವಾಗಿಯೂ ದೌರ್ಜನ್ಯ ನಡೆದಿತ್ತು. ಅಸ್ಸಾಮಿನಲ್ಲಿಯೂ ರಕ್ತ ಹರಿದಿತ್ತು. ಆ ದಿನಗಳಲ್ಲಿ ಒಂದು ಚಿತ್ರ ಎಲ್ಲೆಡೆ ಹರಿದಾಡಿತು. ಸಾಲುಸಾಲಾಗಿ ಬಿದ್ದ ಶವಗಳು, ಅವುಗಳ ನಡುವೆ ನಿಂತ ಬೌದ್ಧ ಭಿಕ್ಷುಗಳು. ಬರ್ಮಾದಲ್ಲಿ ಮುಸ್ಲಿಮರನ್ನು ಕೊಂದು ಹಾಕಿದವರು ಇವರೇ ಎಂಬ ಅಡಿಬರಹ. ಅದು ನಮ್ಮ ಕೈಗೂ ಬಂದಿತು. ನಾವೂ ಕಣ್ಣೀರು ಹಾಕಿದೆವು, ನಾವೂ ಹತ್ತಾರು ಜನರಿಗೆ ತೋರಿಸಿದೆವು.

ಆ ಚಿತ್ರ ಬರ್ಮಾದ್ದಲ್ಲ. 2010ರ ಏಪ್ರಿಲ್ 14ರಂದು ಚೀನಾದ ಯುಶು ಎಂಬಲ್ಲಿ ಸಂಭವಿಸಿದ ಭೂಕಂಪದಲ್ಲಿ 2,600ಕ್ಕೂ ಹೆಚ್ಚು ಮಂದಿ ಮೃತಪಟ್ಟಿದ್ದರು. ಟಿಬೆಟಿನ ಭಿಕ್ಷುಗಳು ಮೃತರ ಸಾಮೂಹಿಕ ಅಂತ್ಯಕ್ರಿಯೆಗೆ ನೆರವಾಗುತ್ತಿದ್ದ ದೃಶ್ಯವದು. ಸತ್ತವರಿಗೆ ಸೇವೆ ಸಲ್ಲಿಸುತ್ತಿದ್ದವರನ್ನು ನಾವು ಕೊಲೆಗಾರರೆಂದು ಕರೆದಿದ್ದೆವು.

ಅದರ ಫಲವೇನಾಯಿತು? ಆಗಸ್ಟ್ 11ರಂದು ಮುಂಬಯಿಯ ಆಜಾದ್ ಮೈದಾನದ ಪ್ರತಿಭಟನೆ ಹಿಂಸೆಗೆ ತಿರುಗಿ ಇಬ್ಬರು ಪ್ರಾಣ ಕಳೆದುಕೊಂಡರು. ಕೆಲವೇ ದಿನಗಳಲ್ಲಿ, ರಮಝಾನ್ ಮುಗಿದೊಡನೆ ಈಶಾನ್ಯ ರಾಜ್ಯಗಳವರ ಮೇಲೆ ಮುಸ್ಲಿಮರು ದಾಳಿ ಮಾಡಲಿದ್ದಾರೆ ಎಂಬ ವದಂತಿ ನಮ್ಮ ಬೆಂಗಳೂರಿನಲ್ಲಿ ಹಬ್ಬಿತು. ಹೊಟೇಲುಗಳಲ್ಲಿ, ಕಾವಲು ಕೆಲಸಗಳಲ್ಲಿ ದುಡಿಯುತ್ತಿದ್ದ ಸಾವಿರಾರು ಬಡ ಯುವಕರು ಗಂಟುಮೂಟೆ ಕಟ್ಟಿ ರೈಲು ನಿಲ್ದಾಣಕ್ಕೆ ಧಾವಿಸಿದರು. ಗುವಾಹಟಿಗೆ ವಿಶೇಷ ರೈಲುಗಳನ್ನು ಓಡಿಸಬೇಕಾಯಿತು. ಆಗಸ್ಟ್ 17ರಂದು ಕೇಂದ್ರ ಸರಕಾರವು ಸಾಮೂಹಿಕ ಎಸ್ಸೆಮ್ಮೆಸ್ಸುಗಳನ್ನು 15 ದಿನಗಳ ಕಾಲ ನಿಷೇಧಿಸಿ, ಒಬ್ಬರು ದಿನಕ್ಕೆ ಐದಕ್ಕಿಂತ ಹೆಚ್ಚು ಸಂದೇಶ ಕಳುಹಿಸದಂತೆ ಮಿತಿ ಹೇರಿತು. ಆ ವರ್ಷದ ಈದ್ ಬಂದದ್ದು ಈ ಭಯದ ನಡುವೆ. ನಮ್ಮ ಹಬ್ಬವೇ ಇತರರಿಗೆ ಪಲಾಯನದ ಗಡುವಾಗಿ ಕಂಡಿತು. ಒಂದು ಚಿತ್ರ ಮಾತ್ರ ಇದಕ್ಕೆಲ್ಲ ಕಾರಣ ಎಂದು ನಾವು ಹೇಳುವುದಿಲ್ಲ. ಆದರೆ ಉರಿಯುವ ಒಲೆಗೆ ಬಿದ್ದ ಕಟ್ಟಿಗೆಯಲ್ಲಿ ನಮ್ಮ ಕೈಯದೂ ಒಂದಿತ್ತು ಎಂಬುದನ್ನು ನಿರಾಕರಿಸಲಾಗದು.

ಮುರ್ಕಿಯ ರಸ್ತೆ

ಇನ್ನೊಂದು ಘಟನೆ ನಮ್ಮ ಕಲ್ಯಾಣ ಕರ್ನಾಟಕದ್ದೇ. 2018ರಲ್ಲಿ ಮಕ್ಕಳ ಕಳ್ಳರ ವದಂತಿ ದೇಶದಾದ್ಯಂತ ಹಬ್ಬಿತ್ತು. ಬೈಕಿನಲ್ಲಿ ಬಂದವರು ಮಗುವನ್ನು ಎತ್ತಿಕೊಂಡು ಹೋಗುವ ವೀಡಿಯೋ ಒಂದನ್ನು ನೋಡದವರಿರಲಿಲ್ಲ. ಅದು ಕರಾಚಿಯ ಸ್ವಯಂಸೇವಾ ಸಂಸ್ಥೆಯೊಂದು ಪೋಷಕರನ್ನು ಎಚ್ಚರಿಸಲು ತಯಾರಿಸಿದ ಚಿತ್ರ. ಮಗುವನ್ನು ಮರಳಿಸಿ, ಎಚ್ಚರಿಕೆಯ ಫಲಕ ತೋರಿಸುವ ಕೊನೆಯ ಭಾಗವನ್ನು ಯಾರೋ ಕತ್ತರಿಸಿದ್ದರು.

ಜುಲೈ 13ರಂದು ಹೈದರಾಬಾದಿನ ಕೆಲವು ಯುವಕರು ಬೀದರ್ ಜಿಲ್ಲೆಗೆ ಸ್ನೇಹಿತನ ಊರಿಗೆ ಬಂದಿದ್ದರು. ದಾರಿಯಲ್ಲಿ ಕಂಡ ಶಾಲಾ ಮಕ್ಕಳಿಗೆ ಪ್ರೀತಿಯಿಂದ ಚಾಕೊಲೇಟ್ ಕೊಟ್ಟರು. ಅವರ ದೃಶ್ಯಗಳು ಮಕ್ಕಳ ಕಳ್ಳರೆಂಬ ಹೆಸರಿನಲ್ಲಿ ವಾಟ್ಸ್‌ಆ್ಯಪ್ ಗುಂಪಿಗೆ ಹೋದವು. ಮುರ್ಕಿ ಗ್ರಾಮದಲ್ಲಿ ರಸ್ತೆ ತಡೆಯಲಾಯಿತು, ಕಾರು ಉರುಳಿತು, ಗುಂಪು ಮೇಲೆರಗಿತು. ಒಬ್ಬ ಯುವ ಇಂಜಿನಿಯರ್ ಹತನಾದನು. ಜೊತೆಗಿದ್ದವರೂ ರಕ್ಷಿಸಲು ಹೋದ ಪೊಲೀಸರೂ ಗಾಯಗೊಂಡರು.

ಸಹೋದರರೇ, ಇಲ್ಲಿ ಗಮನಿಸಬೇಕಾದುದು ಏನೆಂದರೆ, ಆ ದಿನ ಕಳುಹಿಸಿದ ದೃಶ್ಯಗಳಲ್ಲಿ ಯಾವ ಕೃತಕತೆಯೂ ಬೇಕಾಗಿರಲಿಲ್ಲ. ಕಾರು ನಿಜ, ಯುವಕರು ನಿಜ, ಮಕ್ಕಳು ನಿಜ. ಸುಳ್ಳಾಗಿದ್ದುದು ಅದರೊಂದಿಗಿದ್ದ ಎರಡು ಪದಗಳು ಮಾತ್ರ. ಅದೇ ವರ್ಷದ ಮಾರ್ಚ್‌ನಲ್ಲಿ ಅಪಘಾತದಲ್ಲಿ ಗಾಯಗೊಂಡ ಜೈನ ಮುನಿಯೊಬ್ಬರ ನೈಜ ಚಿತ್ರವನ್ನು ಬಳಸಿ, ಮುಸ್ಲಿಮ್ ಯುವಕರು ಅವರ ಮೇಲೆ ಹಲ್ಲೆ ನಡೆಸಿದ್ದಾರೆಂದು ಜಾಲತಾಣವೊಂದು ಬರೆಯಿತು. ಬೆಂಗಳೂರಿನ ಕೇಂದ್ರ ಅಪರಾಧ ವಿಭಾಗದ ಪೊಲೀಸರು ಅದರ ಸಂಪಾದಕರನ್ನು ಬಂಧಿಸಿದರು. ಚಿತ್ರ ನಿಜವಾಗಿದ್ದರೂ ಸಾಕ್ಷ್ಯ ಸುಳ್ಳಾಗಬಹುದು ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ಪುರಾವೆ ಬೇಕಿಲ್ಲ.

ಸೀರೆ ಉಟ್ಟ ಹಾಜರಾತಿ

ಚಿತ್ರವೂ ನಿಜ, ತಾರೀಖೂ ನಿಜ, ಜಾಗವೂ ನಿಜ, ಆದರೂ ಸುಳ್ಳು ಎಂಬ ಉದಾಹರಣೆ ನಮ್ಮ ನೆರೆಯಲ್ಲಿಯೇ ಇದೆ. ಉದ್ಯೋಗ ಖಾತರಿ ಕಾಮಗಾರಿಗಳಲ್ಲಿ ಸುಳ್ಳು ಹಾಜರಾತಿಯನ್ನು ತಡೆಯಲು 2023ರ ಜನವರಿ 1ರಿಂದ ಕೂಲಿಕಾರರ ಫೋಟೋವನ್ನು ಮೊಬೈಲ್ ಆ್ಯಪಿನಲ್ಲಿ ದಿನಕ್ಕೆ ಎರಡು ಬಾರಿ, ಸ್ಥಳದ ಗುರುತಿನೊಂದಿಗೆ ಸೇರಿಸುವುದನ್ನು ಕಡ್ಡಾಯಗೊಳಿಸಲಾಯಿತು. ಯಂತ್ರಕ್ಕೆ ಮೋಸ ಮಾಡಲಾಗದು ಎಂಬ ಭರವಸೆ ಅದರ ಹಿಂದಿತ್ತು. ಆದರೆ 2025ರಲ್ಲಿ, ಒಂದು ಕಾಲಕ್ಕೆ ನಮ್ಮ ಕಲಬುರಗಿ ಜಿಲ್ಲೆಯದೇ ಭಾಗವಾಗಿದ್ದ ಯಾದಗಿರಿಯ ಮಲ್ಹಾರ ಗ್ರಾಮದಲ್ಲಿ ಗಂಡಸರು ಸೀರೆ ಉಟ್ಟು, ಹೆಂಗಸರಂತೆ ನಿಂತು ಹಾಜರಾತಿ ಫೋಟೋ ಕೊಟ್ಟ ಸುದ್ದಿ ಬಯಲಾಯಿತು. ಆ ವರ್ಷದ ಜುಲೈಯಲ್ಲಿ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ ಸುತ್ತೋಲೆ ಹೊರಡಿಸಿ, ಸಂಬಂಧವಿಲ್ಲದ ಚಿತ್ರಗಳನ್ನು ಸೇರಿಸುವುದು, ಫೋಟೋದ ಫೋಟೋ ತೆಗೆದು ಕಳುಹಿಸುವುದು ಮುಂತಾದ ವಂಚನೆಗಳನ್ನು ಪಟ್ಟಿ ಮಾಡಿತು.

ಇದನ್ನು ಕೇಳಿ ನಗು ಬರುವುದು ಸಹಜ. ಆದರೆ ನಿಜವಾಗಿ ಬಿಸಿಲಿನಲ್ಲಿ ಮಣ್ಣು ಹೊತ್ತ ತಾಯಿಯ ಫೋಟೋವನ್ನೂ ಅಧಿಕಾರಿಗಳು ಸಂಶಯದಿಂದ ನೋಡುವಂತಾದರೆ ಆಕೆಯ ಕೂಲಿಯ ಗತಿಯೇನು? ಸುಳ್ಳು ಚಿತ್ರದ ದಂಡವನ್ನು ಕೊನೆಗೆ ತೆರುವವರು ಪ್ರಾಮಾಣಿಕರು.

ನಡೆಯದ ದೃಶ್ಯ

ಇದುವರೆಗೆ ಹೇಳಿದ ಚಿತ್ರಗಳಲ್ಲಿ ಕ್ಯಾಮೆರಾದ ಮುಂದೆ ಏನಾದರೂ ಇತ್ತು. ಈಗ ಅದೂ ಬೇಕಾಗಿಲ್ಲ. ಕೃತಕ ಬುದ್ಧಿಮತ್ತೆಯ ತಂತ್ರಾಂಶಕ್ಕೆ ನಾಲ್ಕು ಮಾತು ಬರೆದುಕೊಟ್ಟರೆ ಇಲ್ಲದ ಊರು, ಇಲ್ಲದ ಗಲಭೆ, ಇಲ್ಲದ ಮನುಷ್ಯನ ಚಿತ್ರ ಕ್ಷಣದಲ್ಲಿ ಸಿದ್ಧವಾಗುತ್ತದೆ. ಬೆರಳುಗಳನ್ನು ಎಣಿಸಿ ನೋಡಿರಿ, ಸುಳ್ಳು ಚಿತ್ರದಲ್ಲಿ ಆರು ಇರುತ್ತವೆ ಎಂದು ಕೆಲ ವರ್ಷಗಳ ಹಿಂದೆ ಹೇಳುತ್ತಿದ್ದರು. ಆ ದೋಷಗಳು ಬೇಗನೆ ಮರೆಯಾಗುತ್ತಿವೆ. ಬರಿಗಣ್ಣನ್ನು ನಂಬಿ ಕೂರುವ ಕಾಲ ಮುಗಿಯಿತು.

2023ರ ನವೆಂಬರ್‌ನಲ್ಲಿ ಕೊಡಗು ಮೂಲದ ನಟಿ ರಶ್ಮಿಕಾ ಮಂದಣ್ಣ ಅವರ ಮುಖವನ್ನು ಬೇರೊಬ್ಬ ಮಹಿಳೆಯ ವೀಡಿಯೋಗೆ ಅಂಟಿಸಿ ಹರಡಲಾಯಿತು. ಆಕೆ ಪ್ರಸಿದ್ಧರಾದುದರಿಂದ ದೇಶವೇ ಮಾತನಾಡಿತು, 2024ರ ಜನವರಿಯಲ್ಲಿ ದಿಲ್ಲಿ ಪೊಲೀಸರು ಆರೋಪಿಯನ್ನು ಬಂಧಿಸಿದರು. ಅದಕ್ಕೂ ಮೊದಲು, 2021ರಲ್ಲಿ ಮತ್ತು 2022ರ ಜನವರಿಯ ಮೊದಲ ದಿನವೇ, ಮುಸ್ಲಿಮ್ ಮಹಿಳೆಯರ ಚಿತ್ರಗಳನ್ನು ಕದ್ದು ಆ್ಯಪ್‌ಗಳಲ್ಲಿ ಹರಾಜಿಗಿಟ್ಟಂತೆ ಪ್ರದರ್ಶಿಸಿದ ನೀಚ ಕೃತ್ಯವನ್ನೂ ನಾವು ಕಂಡಿದ್ದೇವೆ.

ನಮ್ಮ ಪಟ್ಟಣದ ಗಲ್ಲಿಯೊಂದರ ಕಾಲೇಜು ವಿದ್ಯಾರ್ಥಿನಿಗೆ ಹೀಗಾದರೆ ಏನಾಗುತ್ತದೆ? ಮೊದಲು ಆಕೆಯ ಮೊಬೈಲ್ ಕಿತ್ತುಕೊಳ್ಳಲಾಗುತ್ತದೆ. ಆಮೇಲೆ ಕಾಲೇಜು ಬಿಡಿಸಲಾಗುತ್ತದೆ. ಆಮೇಲೆ ಸಿಕ್ಕಿದವನಿಗೆ ನಿಕಾಹ್ ಮಾಡಿ ಕೈ ತೊಳೆದುಕೊಳ್ಳಲಾಗುತ್ತದೆ. ಅಪರಾಧ ಮಾಡಿದವನು ತಿರುಗಾಡಿಕೊಂಡಿರುತ್ತಾನೆ, ಶಿಕ್ಷೆ ಮಗಳಿಗೆ.

ತಂದೆ ತಾಯಂದಿರೇ, ನಾವು ಕೈಮುಗಿದು ಕೇಳುತ್ತೇವೆ. ಶೀಲವಂತ ಸ್ತ್ರೀಯ ಮೇಲೆ ಆರೋಪ ಹೊರಿಸುವವನಿಂದ ಪವಿತ್ರ ಕುರ್‌ಆನ್ ನಾಲ್ಕು ಸಾಕ್ಷಿಗಳನ್ನು ಕೇಳುತ್ತದೆ. ತರಲಾಗದಿದ್ದರೆ ಆರೋಪಿಸಿದವನಿಗೇ ಶಿಕ್ಷೆ ವಿಧಿಸುತ್ತದೆ. ಹಾಗಿರುವಾಗ ಎಲ್ಲಿಂದಲೋ ಬಂದ ಒಂದು ಫಾರ್ವರ್ಡನ್ನು ನಾಲ್ಕು ಸಾಕ್ಷಿಗಳಿಗಿಂತ ದೊಡ್ಡದೆಂದು ನಂಬುವ ಅಧಿಕಾರವನ್ನು ನಮಗೆ ಕೊಟ್ಟವರು ಯಾರು? ಇಂತಹ ಚಿತ್ರ ಮನೆಗೆ ಬಂದರೆ ಮೊದಲು ಮಗಳ ಕೈ ಹಿಡಿಯಿರಿ. ಚಿತ್ರವನ್ನೂ ಕಳುಹಿಸಿದವರ ಸಂಖ್ಯೆಯನ್ನೂ ಪುರಾವೆಯಾಗಿ ಉಳಿಸಿಕೊಳ್ಳಿರಿ. ಜಿಲ್ಲೆಯ ಸೈಬರ್ ಅಪರಾಧ ಪೊಲೀಸ್ ಠಾಣೆಗೆ ದೂರು ನೀಡಿರಿ. ರಾಷ್ಟ್ರೀಯ ಸೈಬರ್ ಅಪರಾಧ ವರದಿ ಪೋರ್ಟಲಿನಲ್ಲಿ ಮಹಿಳೆಯರಿಗೆ ಸಂಬಂಧಿಸಿದ ಇಂತಹ ದೂರನ್ನು ಹೆಸರು ತಿಳಿಸದೆಯೂ ಸಲ್ಲಿಸಬಹುದು.

ನಮ್ಮ ಪರವಾದ ಸುಳ್ಳು

ಇನ್ನು ಸ್ವಲ್ಪ ಕಹಿಯಾದ ಮಾತು. ನಮ್ಮ ವಿರುದ್ಧ ಬಂದ ಸುಳ್ಳು ಚಿತ್ರವನ್ನು ನಾವು ಕೂಡಲೇ ಗುರುತಿಸುತ್ತೇವೆ. ನಮ್ಮ ಪರವಾಗಿ ಬಂದ ಸುಳ್ಳು ಚಿತ್ರವನ್ನು ಗುರುತಿಸಲು ಮನಸ್ಸು ಒಪ್ಪುವುದಿಲ್ಲ. ಉದ್ದೇಶ ಒಳ್ಳೆಯದಲ್ಲವೇ ಎಂಬ ಸಮಾಧಾನ ಹೇಳಿಕೊಳ್ಳುತ್ತೇವೆ.

2006ರ ಆಗಸ್ಟ್‌ನಲ್ಲಿ ಲೆಬನಾನಿನ ಮೇಲೆ ಇಸ್ರೇಲ್ ಬಾಂಬಿನ ಮಳೆ ಸುರಿಸುತ್ತಿತ್ತು. ಬೈರೂತ್ ನಿಜವಾಗಿ ಉರಿಯುತ್ತಿತ್ತು. ರಾಯ್ಟರ್ಸ್ ಸುದ್ದಿಸಂಸ್ಥೆಗೆ ಚಿತ್ರ ಕಳುಹಿಸುತ್ತಿದ್ದ ಅದ್ನಾನ್ ಹಜ್ಜ್ ಎಂಬ ಛಾಯಾಗ್ರಾಹಕ ಆ ಹೊಗೆಯನ್ನು ಕಂಪ್ಯೂಟರಿನಲ್ಲಿ ಇನ್ನಷ್ಟು ದಟ್ಟಗೊಳಿಸಿದನು. ಮೋಸ ಬಯಲಾದಾಗ ರಾಯ್ಟರ್ಸ್ ಆತನ 920 ಚಿತ್ರಗಳನ್ನೂ ಹಿಂದೆಗೆದುಕೊಂಡಿತು. ಜಗತ್ತಿನ ಚರ್ಚೆ ಬಾಂಬಿನಿಂದ ಸರಿದು ಹೊಗೆಯ ಕಡೆಗೆ ತಿರುಗಿತು. ಇಲ್ಲದ ಎರಡು ಸುರುಳಿ ಹೊಗೆಗಾಗಿ ಇದ್ದ ಬೆಂಕಿಯನ್ನೇ ಜನ ಸಂಶಯಿಸಿದರು. ಇದರಿಂದ ಲಾಭವಾದದ್ದು ಪೀಡಿತರಿಗಲ್ಲ.

2024ರ ಮೇ ತಿಂಗಳಲ್ಲಿ ರಫಾದ ಕಡೆಗೆ ಎಲ್ಲರ ಕಣ್ಣುಗಳು ಎಂಬ ಘೋಷಣೆಯ, ಡೇರೆಗಳನ್ನು ಅಂದವಾಗಿ ಜೋಡಿಸಿದ ಚಿತ್ರವನ್ನು ಇನ್‌ಸ್ಟಾಗ್ರಾಮಿನಲ್ಲಿ 4 ಕೋಟಿಗೂ ಹೆಚ್ಚು ಮಂದಿ ಹಂಚಿಕೊಂಡರು. ನಮ್ಮವರೂ ಹಂಚಿಕೊಂಡರು. ಅದು ಕೃತಕ ಬುದ್ಧಿಮತ್ತೆ ತಯಾರಿಸಿದ ಚಿತ್ರ. ಆ ದೃಶ್ಯ ರಫಾದಲ್ಲಿ ಎಲ್ಲಿಯೂ ಇರಲಿಲ್ಲ. ಅದೇ ವರ್ಷ ವಿಶ್ವ ಪತ್ರಿಕಾ ಛಾಯಾಚಿತ್ರ ಸ್ಪರ್ಧೆಯಲ್ಲಿ ವರ್ಷದ ಚಿತ್ರವೆಂಬ ಪ್ರಶಸ್ತಿ ಪಡೆದದ್ದು ಗಾಝಾದವರೇ ಆದ ರಾಯ್ಟರ್ಸ್‌ನ ಮುಹಮ್ಮದ್ ಸಾಲಿಮ್ ಅವರು ತೆಗೆದ ಚಿತ್ರ. 2023ರ ಅಕ್ಟೋಬರ್ 17ರಂದು ಖಾನ್ ಯೂನಿಸ್‌ನ ನಾಸಿರ್ ಆಸ್ಪತ್ರೆಯಲ್ಲಿ ಬಟ್ಟೆ ಸುತ್ತಿದ ಪುಟ್ಟ ಸೋದರ ಸೊಸೆಯ ದೇಹವನ್ನು ಅಪ್ಪಿ ಕುಳಿತ ಮಹಿಳೆಯ ಚಿತ್ರವದು. ತೆಗೆದವರ ಹೆಸರಿದೆ, ತಾರೀಖಿದೆ, ಸ್ಥಳವಿದೆ. ಅಂತಹ ಚಿತ್ರವನ್ನು ಅಲ್ಲಗಳೆಯುವುದು ಸುಲಭವಲ್ಲ. ಪ್ರಾಣ ಒತ್ತೆಯಿಟ್ಟು ತೆಗೆದ ಸಾಕ್ಷ್ಯ ಕೈಯಲ್ಲಿರುವಾಗ ಬಣ್ಣದ ಕಲ್ಪನೆಯನ್ನು ಹಂಚುವುದು ಆ ಸಾಕ್ಷಿಗಳಿಗೆ ಮಾಡುವ ಅನ್ಯಾಯವಲ್ಲವೇ?

ಹಾಗೆಂದು ಎಲ್ಲ ಚಿತ್ರಗಳೂ ಸುಳ್ಳು ಎಂಬ ತೀರ್ಮಾನಕ್ಕೆ ಬರುವುದೂ ಅಪಾಯಕರ. ಅಕ್ರಮಿಗಳಿಗೆ ಬೇಕಾಗಿರುವುದು ಅದೇ. ತಮ್ಮ ಕೃತ್ಯದ ನಿಜವಾದ ಚಿತ್ರ ಹೊರಬಂದಾಗ ಇದೂ ಕಂಪ್ಯೂಟರಿನ ಕೈಚಳಕ ಎಂದು ಅವರು ಜಾರಿಕೊಳ್ಳುತ್ತಾರೆ. 2002ರಲ್ಲಿ ಅಹ್ಮದಾಬಾದಿನ ದರ್ಜಿಯೊಬ್ಬರು ಕಣ್ಣೀರು ತುಂಬಿ, ಕೈಜೋಡಿಸಿ ಪ್ರಾಣಭಿಕ್ಷೆ ಬೇಡಿದ ಚಿತ್ರವನ್ನು ರಾಯ್ಟರ್ಸ್‌ನ ಅರ್ಕೊ ದತ್ತ ತೆಗೆದರು. ಅದು ಇಂದಿಗೂ ಅಳಿಸಲಾಗದ ಸಾಕ್ಷ್ಯವಾಗಿ ಉಳಿದಿರುವುದು, ತೆಗೆದವರು ಯಾರು, ಎಂದು, ಎಲ್ಲಿ ಎಂಬುದೆಲ್ಲ ಜಗತ್ತಿಗೆ ತಿಳಿದಿರುವುದರಿಂದ. ನಂಬುವುದಕ್ಕೂ ಆಧಾರ ಬೇಕು, ನಿರಾಕರಿಸುವುದಕ್ಕೂ ಆಧಾರ ಬೇಕು.

ಸನದನ್ನು ಕೇಳೋಣ

ಈ ಆಧಾರವನ್ನು ಕೇಳುವ ವಿದ್ಯೆ ನಮಗೆ ಹೊಸದಲ್ಲ. ಪ್ರವಾದಿವರ್ಯರ(ಸ) ವಚನಗಳನ್ನು ಸಂಗ್ರಹಿಸಿದ ಇಮಾಮ್ ಬುಖಾರಿಯವರಂತಹ ವಿದ್ವಾಂಸರು ಮಾತು ಎಷ್ಟು ಸುಂದರವಾಗಿದೆ ಎಂದು ನೋಡಿ ಸುಮ್ಮನಾಗಲಿಲ್ಲ. ಯಾರು ಯಾರಿಂದ ಕೇಳಿದರು ಎಂಬ ಸರಪಣಿಯನ್ನು, ಅಂದರೆ ಸನದನ್ನು ಕೇಳಿದರು. ನಡುವೆ ಒಂದು ಕೊಂಡಿ ಕಳಚಿದ್ದರೆ, ಒಬ್ಬ ವರದಿಗಾರ ಯಾರೆಂದು ತಿಳಿಯದಿದ್ದರೆ ಆ ವರದಿಯನ್ನು ದುರ್ಬಲವೆಂದು ಬದಿಗಿಟ್ಟರು. ಆ ಪದ ನಮ್ಮ ಕನ್ನಡದಲ್ಲಿಯೂ ಬೆರೆತಿದೆ. ವಕೀಲರ ಸನ್ನದು ಎನ್ನುವಾಗ ನಾವು ಬಳಸುವುದು ಅದನ್ನೇ. ನಂಬಲರ್ಹನಲ್ಲದವನು ಸುದ್ದಿ ತಂದರೆ ಪರಿಶೀಲಿಸಬೇಕು, ಇಲ್ಲವಾದರೆ ತಿಳಿಯದೆ ಒಂದು ಜನಸಮೂಹಕ್ಕೆ ಹಾನಿಯೆಸಗಿ ಅನಂತರ ಪಶ್ಚಾತ್ತಾಪಪಡಬೇಕಾದೀತು ಎಂಬುದು ಸೂರಃ ಅಲ್ ಹುಜುರಾತ್‌ನ ಆದೇಶದ ತಾತ್ಪರ್ಯ. 2012ರಲ್ಲಿ ನಾವು ಪಟ್ಟದ್ದು ಆ ಪಶ್ಚಾತ್ತಾಪವನ್ನೇ.

ದೇಶದ ಕಾನೂನೂ ಈಗ ಸನದನ್ನೇ ಕೇಳುತ್ತದೆ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ ಡಿಜಿಟಲ್ ಚಿತ್ರವನ್ನು ನ್ಯಾಯಾಲಯಕ್ಕೆ ಸಲ್ಲಿಸುವಾಗ ಅದು ಯಾವ ಸಾಧನದಿಂದ ಬಂದಿದೆ ಎಂಬ ಪ್ರಮಾಣಪತ್ರ ಬೇಕು. ಬೆರಳಚ್ಚಿನಂತೆ ಆ ಕಡತವನ್ನು ಗುರುತಿಸುವ ಹ್ಯಾಶ್ ಸಂಖ್ಯೆಯೂ ಅದರಲ್ಲಿರಬೇಕು.

ನಾವು ಮನೆಯಲ್ಲಿ ಮಾಡಬೇಕಾದುದು ಕಷ್ಟದ್ದೇನಲ್ಲ. ಚಿತ್ರ ಬಂದೊಡನೆ ಕಳುಹಿಸಿದವರನ್ನು ಕೇಳೋಣ, ಇದನ್ನು ತೆಗೆದವರು ಯಾರು, ನಿಮಗೆ ಕೊಟ್ಟವರು ಯಾರು? ಗೂಗಲ್ ಲೆನ್ಸ್‌ನಲ್ಲಿ ಹಾಕಿ ಅದು ಮೊದಲು ಎಲ್ಲಿ, ಎಂದು ಕಾಣಿಸಿಕೊಂಡಿದೆ ಎಂದು ಹುಡುಕೋಣ. ಫಲಕಗಳ ಭಾಷೆ, ವಾಹನಗಳ ಸಂಖ್ಯೆ, ಪೊಲೀಸರ ಸಮವಸ್ತ್ರ ಆ ಊರಿಗೆ ಹೊಂದುತ್ತವೆಯೇ ಎಂದು ನೋಡೋಣ. ಆ ಊರಿನಲ್ಲಿ ಪರಿಚಯದವರಿದ್ದರೆ ಒಂದು ಕರೆ ಮಾಡೋಣ. ಸ್ವತಃ ನಾವೇ ಒಂದು ಅನ್ಯಾಯದ ಚಿತ್ರ ತೆಗೆದಿದ್ದರೆ ಮೂಲ ಪ್ರತಿಯನ್ನು ಅಳಿಸದಿರೋಣ. ವಾಟ್ಸ್‌ಆ್ಯಪಿನಲ್ಲಿ ಫೋಟೋ ಆಗಿ ಕಳುಹಿಸಿದರೆ ಅದರೊಳಗಿನ ಸಮಯ, ಸ್ಥಳದ ವಿವರಗಳು ಅಳಿಸಿಹೋಗುತ್ತವೆ. ಆದುದರಿಂದ ಅಗತ್ಯವಿದ್ದವರಿಗೆ ಡಾಕ್ಯುಮೆಂಟ್ ರೂಪದಲ್ಲಿ ಕಳುಹಿಸೋಣ. ಉತ್ತರ ಸಿಗದಿದ್ದರೆ ಚಿತ್ರ ನಮ್ಮಲ್ಲಿಯೇ ನಿಲ್ಲಲಿ. ಒಂದು ದಿನ ತಡವಾಗಿ ಕಳುಹಿಸಿದ ಸತ್ಯದಿಂದ ಯಾವ ಊರೂ ಉರಿದಿಲ್ಲ.

ತಪ್ಪಿ ಕಳುಹಿಸಿಬಿಟ್ಟಿದ್ದರೆ? ಯಾವ ಗುಂಪಿಗೆ ಸುಳ್ಳನ್ನು ಕಳುಹಿಸಿದೆವೋ ಅದೇ ಗುಂಪಿಗೆ ತಿದ್ದುಪಡಿಯನ್ನೂ ಕಳುಹಿಸೋಣ. ಮೌನವಾಗಿ ಅಳಿಸಿದರೆ ಸಾಲದು, ಅದು ಅಷ್ಟರಲ್ಲಿ ಇನ್ನೊಬ್ಬರ ಕೈ ಸೇರಿರುತ್ತದೆ. ತಪ್ಪೊಪ್ಪಿಕೊಳ್ಳುವುದರಿಂದ ಗೌರವ ಕುಂದುವುದಿಲ್ಲ. ಈ ಸಭೆಯಲ್ಲಿ 2012ರ ನಮ್ಮ ತಪ್ಪನ್ನು ಹೇಳಿಕೊಂಡದ್ದು ಆ ಕಾರಣಕ್ಕಾಗಿಯೇ. ಆ ಚಿತ್ರವನ್ನು ನಾವು ಯಾರಿಗೆಲ್ಲ ತೋರಿಸಿದ್ದೆವೋ ಅವರೆಲ್ಲರನ್ನು ಇಂದು ಹುಡುಕಲು ಸಾಧ್ಯವಿಲ್ಲ. ಅವರಲ್ಲಿ ಯಾರಾದರೂ ಇಲ್ಲಿದ್ದರೆ, ಅಂದು ನಾವು ಹೇಳಿದ್ದು ಸುಳ್ಳಾಗಿತ್ತು ಎಂಬುದನ್ನು ದಯವಿಟ್ಟು ನೆನಪಿಡಿರಿ.

ಹಳೆಯ ಫೋಟೋದ ಬೆನ್ನ ಮೇಲೆ ಸ್ಟುಡಿಯೋದವನು ಮೊಹರು ಒತ್ತುತ್ತಿದ್ದನು. ಇಂದಿನ ಚಿತ್ರಕ್ಕೆ ಆ ಮೊಹರು ನಾವೇ. ನಾವು ಕಳುಹಿಸಿದ್ದೆಂದರೆ ವಿಚಾರಿಸಿ ಕಳುಹಿಸಿದ್ದು ಎಂಬ ವಿಶ್ವಾಸ ನೆರೆಹೊರೆಯ ಹಿಂದೂ, ಮುಸ್ಲಿಮ್ ಎಲ್ಲರಲ್ಲಿಯೂ ಮೂಡಬೇಕು. ಸತ್ಯಕ್ಕೆ ಸಾಕ್ಷಿಗಳಾಗಿ ನಿಲ್ಲುವ ಶಕ್ತಿಯನ್ನು ಅಲ್ಲಾಹನು ನಮಗೆಲ್ಲರಿಗೂ ಅನುಗ್ರಹಿಸಲಿ. ಆಮೀನ್.